ಅಕ್ಕ ಅತ್ತಿಮಬ್ಬೆ, ತಂಗಿ ಗುಂಡಮಬ್ಬೆ ಮತ್ತು ಸಾವಿರ ಪ್ರತಿ

ಗದಗ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರ ನಾಲ್ಕು ಪುಟದ ಪತ್ರ ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಳೆದ ಸಂಚಿಕೆಯ ಲಕ್ಕುಂಡಿ ಪ್ರವಾಸ ಲೇಖನದಲ್ಲಿ, ಸಾವಿರ ವರ್ಷದ ಹಿಂದೆ ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯನ್ನು ‘ಆದರ್ಶ ಗೃಹಿಣಿ, ದಾನಶೂರೆ’ ಎಂದು ಎರಡು ಸಾಲಿನಲ್ಲಿ ಸಾಗಹಾಕಿದ್ದು ಅವರಿಗೆ ಸಿಟ್ಟು ತರಿಸಿದೆ. ಪತ್ರದ ತಿರುಳು ಇಷ್ಟು:

“ಅಕ್ಕ ತಂಗಿ ಇಬ್ಬರನ್ನೂ ಒಬ್ಬನಿಗೇ ಧಾರೆ ಎರೆದರು. ಅವನು ಯುದ್ಧದಲ್ಲಿ ಸತ್ತ. ತಂಗಿ ಚಿತೆ ಏರಿದಳು, ಅಕ್ಕ ದಾನಚಿಂತಾಮಣಿಯಾದಳು. ನೀವೆಲ್ಲ ಅಕ್ಕನ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತೀರಿ, ತಂಗಿಯ ಹೆಸರು ಕೂಡ ಬರೆಯುವುದಿಲ್ಲ. ದಂಡನಾಯಕರ ಮನೆಯ ಹೆಣ್ಣುಮಗಳು ದಾನ ಮಾಡಿದಳು ಎಂದು ಸಾವಿರ ವರ್ಷದಿಂದ ಹೊಗಳುತ್ತಲೇ ಇದ್ದೀರಿ. ಇದ್ದವರು ಕೊಟ್ಟರೆ ಅದರಲ್ಲಿ ದೊಡ್ಡಸ್ತಿಕೆ ಏನು?”

ಅಕ್ಕೋರೇ (ನಿಮ್ಮ ಕಡೆ ಶಿಕ್ಷಕಿಯರನ್ನು ಹಾಗೆ ಕರೆಯುವುದು ನನಗೆ ಬಹಳ ಇಷ್ಟ, ಅದಕ್ಕೇ ಕರೆದೆ), ತಂಗಿಯ ಹೆಸರು ಬಿಟ್ಟದ್ದು ತಪ್ಪು. ಗುಂಡಮಬ್ಬೆ. ಇಗೋ, ಈ ಸಲ ಶೀರ್ಷಿಕೆಯಲ್ಲೇ ಹಾಕಿದ್ದೇನೆ. ಮದುವೆಯ ವಿಷಯದಲ್ಲೂ ನೀವು ಹೇಳಿದ್ದು ಸರಿ. ವೆಂಗಿ ಸೀಮೆಯ ಕಮ್ಮೆನಾಡಿನಿಂದ ಬಂದ ಮಲ್ಲಪಯ್ಯನ ಮನೆತನ ಒಂದು ಕಡೆ. ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಮನೆತನ ಇನ್ನೊಂದು ಕಡೆ. 973ರಲ್ಲಿ ರಾಷ್ಟ್ರಕೂಟರು ಉರುಳಿ ತೈಲಪ ಸಿಂಹಾಸನ ಏರಿದ ಕಾಲ ಅದು. ನೆಲ ಅಲುಗಾಡುತ್ತಿದ್ದಾಗ ಎರಡು ಮನೆಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡವು, ಹಿಡಿದುಕೊಳ್ಳಲು ಬಳಸಿದ ಹಗ್ಗ ಈ ಇಬ್ಬರು ಹೆಣ್ಣುಮಕ್ಕಳು. ಧಲ್ಲಪನ ಮಗ ನಾಗದೇವನಿಗೆ ಇಬ್ಬರನ್ನೂ ಕೊಟ್ಟರು. ಅವರನ್ನು ಯಾರೂ ಕೇಳಿರಲಾರರು. ನಿಮ್ಮ ಸಿಟ್ಟಿಗೆ ನನ್ನ ಸಹಿ ಇದೆ.

ಆದರೆ ಸಹಿ ಅಲ್ಲಿಗೇ ನಿಲ್ಲುತ್ತದೆ.

ಅಕ್ಕ ಬದುಕಿದ್ದೇ ಒಂದು ಸೌಕರ್ಯ ಎನ್ನುವಂತೆ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಚುಚ್ಚಿದ್ದು ಅದೊಂದೇ. ಗಂಡ ಸತ್ತ ದಿನ ಆ ಮನೆಯ ಅಂಗಳದಲ್ಲಿ ನಿಂತು ಯೋಚಿಸಿ. ಸಹಗಮನಕ್ಕೆ ಹೊರಟವಳಿಗೆ ಜಯಕಾರ ಹಾಕಲು ಜನ ಇರುತ್ತಾರೆ, ವಾದ್ಯ ಇರುತ್ತದೆ, ನಾಳೆ ಒಂದು ಮಾಸ್ತಿಕಲ್ಲು ನಿಲ್ಲುತ್ತದೆ. ಹೋಗದೆ ಉಳಿದವಳಿಗೆ? ಮಗು ಅಣ್ಣಿಗ ಕಾಲಿಗೆ ತೊಡರಿಕೊಂಡಿರುತ್ತಾನೆ, ಅಷ್ಟೆ. ತಂಗಿ ಹೋದಳು, ಹಿರಿಯಳಾದ ನೀನೇಕೆ ಹೋಗಲಿಲ್ಲ ಎಂದು ಯಾರೂ ಬಾಯಿ ಬಿಟ್ಟು ಕೇಳದಿದ್ದರೂ ಎಲ್ಲರ ಕಣ್ಣೂ ಕೇಳುತ್ತದೆ. ಅಂಥ ಕಣ್ಣುಗಳ ನಡುವೆ ಹತ್ತಾರು ವರ್ಷ ಬದುಕಿದವಳು ಅತ್ತಿಮಬ್ಬೆ.

ಮತ್ತೆ ಅವಳು ನಂಬಿದ ಜೈನ ಧರ್ಮ ಏನು ಹೇಳುತ್ತಿತ್ತು? ಆಚಾರ್ಯ ಸಮಂತಭದ್ರರ ‘ರತ್ನಕರಂಡಕ’ ಶ್ರಾವಕರ, ಅಂದರೆ ಜೈನ ಗೃಹಸ್ಥರ ಮನೆಯ ಪಠ್ಯವಿದ್ದಂತೆ. ಅದರಲ್ಲಿ ಲೋಕಮೂಢತೆ, ಅಂದರೆ ಜನರ ಕುರುಡು ನಂಬಿಕೆ, ಯಾವುದು ಎಂದು ಪಟ್ಟಿ ಮಾಡಿದ ಒಂದು ಶ್ಲೋಕವಿದೆ. ನದಿ ಸಮುದ್ರಗಳಲ್ಲಿ ಮುಳುಗೇಳುವುದು, ಮರಳು ಕಲ್ಲುಗಳ ಗುಡ್ಡೆ ಹಾಕುವುದು, ಬೆಟ್ಟದಿಂದ ಧುಮುಕುವುದು, ಕೊನೆಗೆ ಬೆಂಕಿಗೆ ಬೀಳುವುದು. ಅಗ್ನಿಪಾತ ಎಂಬ ಪದವೇ ಅಲ್ಲಿದೆ. ಅಕ್ಕ ತಂಗಿ ಇಬ್ಬರೂ ಒಂದೇ ಮನೆಯಲ್ಲಿ ಬೆಳೆದು ಇದನ್ನೇ ಕೇಳಿದವರು. ಒಬ್ಬಳು ಊರಿನ ರೂಢಿಯ ಕಡೆ ವಾಲಿದಳು, ಇನ್ನೊಬ್ಬಳು ಓದಿನ ಕಡೆ. ನಾನು ಓದಿನ ಕಡೆಯವನು. ಪತ್ರಿಕೆ ನಡೆಸುವವನು ಬೇರೆ ಯಾವ ಕಡೆ ಇರಲು ಸಾಧ್ಯ? ಹಾಗೆಂದು ಉಳಿದ ಬದುಕನ್ನು ಅವಳು ಸುಖದಲ್ಲಿ ಕಳೆಯಲಿಲ್ಲ. ಮಗನನ್ನು ಸಾಕುತ್ತಾ, ವ್ರತ ಉಪವಾಸಗಳಲ್ಲಿ ದೇಹ ಸವೆಸಿದಳು ಎಂದು ಅವಳ ಆಶ್ರಯದಲ್ಲಿದ್ದ ಕವಿ ರನ್ನ ಹೇಳುತ್ತಾನೆ. ಆ ಮಗ ಮುಂದೆ ಪಡೆವಳ ತೈಲನೆಂದು ಹೆಸರು ಮಾಡಿದ.

ಇನ್ನು ಪವಾಡಗಳ ವಿಷಯ. ‘ಗೋದಾವರಿ ತಡೆದ ಕಥೆಯನ್ನು ಮಕ್ಕಳಿಗೆ ಹೇಗೆ ಹೇಳಲಿ’ ಎಂದು ಪತ್ರದ ಮೂರನೆಯ ಪುಟದಲ್ಲಿ ಕೇಳಿದ್ದೀರಿ. ಜಿನಬಿಂಬವನ್ನು ತಲೆಯ ಮೇಲೆ ಹೊತ್ತು ನಿಂತಾಗ ಪ್ರವಾಹ ಇಳಿಯಿತಂತೆ, ಮದವೇರಿದ ಆನೆ ತಣ್ಣಗಾಯಿತಂತೆ. ಹೇಳಬೇಡಿ, ನಿಮ್ಮ ಗಂಟೇನೂ ಹೋಗುವುದಿಲ್ಲ. ಬೆಳಗೊಳದ ಕಥೆ ಮಾತ್ರ ಹೇಳಿ. ಗೊಮ್ಮಟನನ್ನು ನೋಡುವ ತನಕ ಊಟ ಮಾಡುವುದಿಲ್ಲ ಎಂದು ಹೊರಟವಳು ಬೆಟ್ಟ ಹತ್ತುವಾಗ ಬಳಲಿದಳು, ಆಗ ಅಕಾಲದ ಮಳೆ ಬಂತು ಎಂದು ರನ್ನ ಬರೆದಿದ್ದಾನೆ. ಚಾವುಂಡರಾಯ ಆ ಮೂರ್ತಿ ನಿಲ್ಲಿಸಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹೊಸ ಗೊಮ್ಮಟನನ್ನು ನೋಡಲು ಹಸಿದ ಹೊಟ್ಟೆಯಲ್ಲಿ ಬಂಡೆ ಹತ್ತುತ್ತಿರುವ ಒಬ್ಬ ವಿಧವೆ, ಮೇಲಿಂದ ನಾಲ್ಕು ಹನಿ. ಇದನ್ನು ನಂಬಲು ಯಾವ ಮಗುವಿಗೂ ಕಷ್ಟವಾಗದು.

ಈಗ ನನ್ನ ಹಟದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರವನ್ನು ಆರಿಸಿಕೊಂಡದ್ದೇ ಇದಕ್ಕಾಗಿ, ಮುಚ್ಚಿಡುವುದೇನು.

ಅತ್ತಿಮಬ್ಬೆಯ ಬಗ್ಗೆ ಬರೆಯುವವರೆಲ್ಲ ಬಸದಿಗಳ ಲೆಕ್ಕ ಕೊಡುತ್ತಾರೆ. 1500 ಎನ್ನುತ್ತಾರೆ. ಲಕ್ಕುಂಡಿಯ ಬ್ರಹ್ಮ ಜಿನಾಲಯ, 1007ರ ಶಾಸನ, ಕಲ್ಲಿನ ಕೆಲಸ, ನಾಲ್ಮೊಗದ ಬ್ರಹ್ಮ ಎಲ್ಲ ಬರುತ್ತವೆ. ಕೊನೆಯಲ್ಲಿ ‘ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು’ ಎಂಬ ಒಂದು ಸಾಲು, ಊಟವಾದ ಮೇಲೆ ಕೊಡುವ ಅಡಿಕೆ ಚೂರಿನಂತೆ. ನನಗೆ ಅದೇ ಊಟ.

ಕೆಲವು ವರ್ಷಗಳ ಹಿಂದೆ ದಕ್ಷಿಣ ಕನ್ನಡದ ಒಂದು ಹಳೆಯ ಮನೆಯಲ್ಲಿ ಓಲೆಗರಿ ಬರೆಯುವುದನ್ನು ಹತ್ತಿರದಿಂದ ನೋಡಿದೆ. ಬರೆಯುತ್ತಿದ್ದ ಹಿರಿಯರು ಎಡಗೈಯಲ್ಲಿ ಗರಿ ಹಿಡಿದು, ಬಲಗೈಯಲ್ಲಿ ಕಂಟ, ಅಂದರೆ ಕಬ್ಬಿಣದ ಮೊನೆಯ ಲೇಖನಿ ಹಿಡಿದಿದ್ದರು. ಕಂಟ ಹೆಚ್ಚು ಓಡುವುದಿಲ್ಲ. ಎಡಗೈಯ ಹೆಬ್ಬೆರಳು ಅದಕ್ಕೆ ಆನಿಕೆ ಕೊಡುತ್ತದೆ, ಗರಿಯೇ ಸರಿಯುತ್ತಾ ಹೋಗುತ್ತದೆ. ಕೊರೆದ ಅಕ್ಷರ ಮೊದಲು ಕಾಣುವುದೇ ಇಲ್ಲ. ಆಮೇಲೆ ಕಾಡಿಗೆ ಬಳಿದು ಬಟ್ಟೆಯಿಂದ ಒರೆಸಿದಾಗ, ಕತ್ತಲೆಯಿಂದ ಎದ್ದು ಬಂದಂತೆ ಸಾಲು ಮೂಡುತ್ತದೆ. ನನ್ನ ಕೈಗೂ ಕೊಟ್ಟರು. ನನ್ನ ಹೆಸರಿನ ಎರಡನೆಯ ಅಕ್ಷರಕ್ಕೇ ಗರಿ ಸೀಳಿತು. ‘ಅಡ್ಡಗೆರೆ ಎಳೆದರೆ ನಾರಿನ ಜೊತೆ ಹರಿಯುತ್ತದೆ, ದುಂಡಗೆ ತಿರುಗಿಸಬೇಕು’ ಎಂದು ಅವರು ನಕ್ಕರು. ಆ ಒಂದು ಸಾಲಿಗೇ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಹಳೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದ ಒಂದು ಸಂಸ್ಕೃತ ಶ್ಲೋಕವಿದೆ: ಬೆನ್ನು, ಸೊಂಟ, ಕೊರಳು ಮುರಿದು, ದೃಷ್ಟಿ ನೆಟ್ಟು, ತಲೆ ಬಾಗಿಸಿ ಕಷ್ಟದಿಂದ ಬರೆದ ಗ್ರಂಥವಿದು, ಜೋಪಾನ ಮಾಡಿ ಎಂದು. ಅಲ್ಲಿಯವರೆಗೆ ಅದು ಶಿಷ್ಟಾಚಾರದ ಮಾತು ಎಂದುಕೊಂಡಿದ್ದೆ.

ಈಗ ಲೆಕ್ಕ ಹಾಕಿ, ನೀವು ಗಣಿತವನ್ನೂ ಪಾಠ ಮಾಡಿದವರು. ಶಾಂತಿಪುರಾಣ ಹನ್ನೆರಡು ಆಶ್ವಾಸಗಳ, ಅಂದರೆ ಅಧ್ಯಾಯಗಳ, ಗದ್ಯ ಪದ್ಯ ಬೆರೆತ ಚಂಪೂಕಾವ್ಯ. ಕೈ ಪಳಗಿದ ಲಿಪಿಕಾರ ತಿಂಗಳಿಗೊಂದು ಪ್ರತಿ ಮುಗಿಸಿದ ಎಂದೇ ಇಟ್ಟುಕೊಳ್ಳೋಣ. ಸಾವಿರ ಪ್ರತಿಗೆ ಸಾವಿರ ತಿಂಗಳು, ಎಂಬತ್ತಮೂರು ವರ್ಷ. ಇಪ್ಪತ್ತು ಮಂದಿಯನ್ನು ಸಾಲಾಗಿ ಕೂರಿಸಿದರೂ ನಾಲ್ಕು ವರ್ಷ ದಾಟುತ್ತದೆ. ಅಷ್ಟು ಕಾಲ ಅವರಿಗೆ ಊಟ, ಬಟ್ಟೆ, ಸಂಬಳ. ತಾಳೆಗರಿ ತರಿಸಬೇಕು, ಹದ ಮಾಡಬೇಕು, ಒಂದೇ ಅಳತೆಗೆ ಕತ್ತರಿಸಬೇಕು, ತೂತು ಕೊರೆದು ದಾರ ಪೋಣಿಸಬೇಕು, ಮೇಲೆ ಕೆಳಗೆ ಹಲಗೆ ಕಟ್ಟಬೇಕು. ತಪ್ಪು ತಿದ್ದಲು ಬಲ್ಲವರು ಬೇಕು. ಆಮೇಲೆ ಅದನ್ನು ಎತ್ತಿನ ಮೇಲೋ ಗಾಡಿಯಲ್ಲೋ ಹೇರಿ ಬಸದಿ ಬಸದಿಗೆ ಮುಟ್ಟಿಸಬೇಕು. ಇದಕ್ಕೆ ದಾನ ಎಂದರೆ ಸಾಕಾಗುವುದಿಲ್ಲ ಅಕ್ಕೋರೇ. ಇದು ಪ್ರಕಾಶನ. ಇದ್ದವರು ಕೊಟ್ಟರೆ ದೊಡ್ಡಸ್ತಿಕೆ ಏನು ಎಂದಿರಲ್ಲ. ಇದ್ದವರು ಆಗ ಎಷ್ಟೋ ಮಂದಿ ಇದ್ದರು. ಚಿನ್ನ ಕೊಡುವವರೂ ಇದ್ದರು. ಒಂದೇ ಪುಸ್ತಕದ ಸಾವಿರ ಪ್ರತಿ ಮಾಡಿಸಬೇಕು ಎಂದು ಹೊಳೆದದ್ದು ಯಾರಿಗೆ?

ಅದೂ ಯಾವ ಪುಸ್ತಕ? ಅವಳ ಅಪ್ಪ ಮಲ್ಲಪಯ್ಯ, ಚಿಕ್ಕಪ್ಪ ಪೊನ್ನಮಯ್ಯ ಸೇರಿ ತಮ್ಮ ಗುರು ಜಿನಚಂದ್ರರ ನೆನಪಿಗೆ ಪೊನ್ನನಿಂದ ಬರೆಸಿದ ಕಾವ್ಯ. ಹೆಣ್ಣುಮಗಳು ತವರಿನಿಂದ ಬಳೆ ಸೀರೆ ತರುತ್ತಾಳೆ. ಇವಳು ತವರಿನ ಪುಸ್ತಕವನ್ನು ನಾಡಿಗೆಲ್ಲ ಹಂಚಿದಳು. ಗಂಡನ ಮನೆಯ ಪುಸ್ತಕವಲ್ಲ ಅದು! ಅವಳ ಮದುವೆಯ ಬಗ್ಗೆ ನಾಲ್ಕು ಪುಟ ಬರೆದ ನೀವು ಈ ತವರಿನ ಸಂಗತಿಗೆ ಅರ್ಧ ಪುಟವನ್ನಾದರೂ ಮೀಸಲಿಡಬೇಕಿತ್ತು. ಗಂಡ ಯಾರು, ಸವತಿ ಯಾರು, ಯಾರು ಸತ್ತರು ಎಂಬ ಕ್ರಮದಲ್ಲೇ ಹೆಣ್ಣಿನ ಚರಿತ್ರೆ ಬರೆಯುವುದು ಗಂಡಸರ ಚಾಳಿ. ನಿಮಗೂ ಅಂಟಿಕೊಂಡಿದೆಯಲ್ಲ ಎಂದು ಬೇಜಾರಾಯಿತು.

ಪೊನ್ನನನ್ನು ಉಳಿಸಿದವಳು ಅಲ್ಲಿಗೇ ಸುಮ್ಮನಾಗಲಿಲ್ಲ. 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಸಿದಳು. ಪಂಪ, ಪೊನ್ನ, ರನ್ನ ಎಂಬ ರತ್ನತ್ರಯರಲ್ಲಿ ಇಬ್ಬರು ಒಬ್ಬಳೇ ಹೆಣ್ಣಿನ ಲೆಕ್ಕಕ್ಕೆ. ರನ್ನನ ಸ್ವಭಾವ ನಿಮಗೆ ಗೊತ್ತು. ಆದಿಶೇಷನ ಹೆಡೆಯ ಮಣಿಯನ್ನು, ತನ್ನ ಕೃತಿರತ್ನವನ್ನು ಪರೀಕ್ಷಿಸಲು ಹೊರಟವನಿಗೆ ಎಂಟೆದೆ ಇದೆಯೇ ಎಂದು ಗದರಿಸಿದ ಭೂಪ. ಮುದುವೊಳಲಿನ, ಅಂದರೆ ಈಗಿನ ಮುಧೋಳದ, ಬಳೆಗಾರರ ಮನೆಯ ಹುಡುಗ ಯಾರಿಗೂ ಸುಲಭಕ್ಕೆ ತಲೆ ಬಾಗಿಸಿದವನಲ್ಲ. ಅವನೇ ಇವಳ ನಡತೆಯನ್ನು ಬಿಳಿಯ ಅರಳೆಗೆ, ಗಂಗೆಯ ನೀರಿಗೆ, ಕೊಪಣದ (ಈಗಿನ ಕೊಪ್ಪಳದ) ಬೆಟ್ಟಕ್ಕೆ ಹೋಲಿಸಿದ. ಗಂಗೆ, ಬೆಟ್ಟ ಎಲ್ಲ ಕವಿಗಳ ಮಾಮೂಲು ಸರಕು, ಬಿಡಿ. ಅರಳೆ ನೋಡಿ. ಹತ್ತಿ ಬೆಳೆಯುವ ನಾಡಿನವನಿಗೆ ಮಾತ್ರ ಹೊಳೆಯುವ ಮಾತು. ನಿಮ್ಮ ಎರೆಹೊಲದಲ್ಲಿ ಕಾಯಿ ಒಡೆದಾಗ ಕಾಣುವ ಬಿಳುಪು. ಸಾಲದೆಂದು ತನ್ನ ಮಗನಿಗೆ ರಾಯನೆಂದು, ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟ. ಒಂದು ಹೆಸರು ಮೊದಲು ಆಶ್ರಯ ಕೊಟ್ಟ ಚಾವುಂಡರಾಯನಿಗೆ, ಇನ್ನೊಂದು ಇವಳಿಗೆ. ಅಂದಹಾಗೆ ರನ್ನನಿಗೂ ಇಬ್ಬರು ಹೆಂಡತಿಯರು, ಜಕ್ಕಿ ಮತ್ತು ಶಾಂತಿ. ಅದನ್ನು ನೀವು ಪತ್ರದಲ್ಲಿ ಎತ್ತಿಲ್ಲ, ನಾನೂ ಎತ್ತದೆ ಸುಮ್ಮನಿರಬಹುದಿತ್ತು.

ಅವಳು ಹಾಕಿದ ದಾರಿಯಲ್ಲಿ ನಡೆದವರೂ ಇದ್ದಾರೆ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿದ ಜೈನ ಸಿದ್ಧಾಂತ ಗ್ರಂಥಗಳಲ್ಲಿ ಮಹಾಬಂಧದ ಓಲೆಪ್ರತಿಯೂ ಒಂದು. ಅದನ್ನು ಬರೆಸಿ ಮಾಘಣಂದಿ ಮುನಿಗಳಿಗೆ ಒಪ್ಪಿಸಿದವಳು ಶಾಂತಿಸೇನನ ಮಡದಿ ಮಲ್ಲಿಕಬ್ಬೆ, ನೋಂಪಿಯ ಉದ್ಯಾಪನೆಗೆಂದು, ಅಂದರೆ ವ್ರತ ಮುಗಿಸುವ ವಿಧಿಗೆಂದು. ನೋಂಪಿ ಮುಗಿದರೆ ಬಾಗಿನ ಕೊಟ್ಟಂತೆ ಪುಸ್ತಕ ಕೊಡುವುದು! ಇಂಥ ಪದ್ಧತಿ ನಮ್ಮಲ್ಲಿ ಇತ್ತು ಎಂದು ಹೇಳಿದರೆ ಈಗಿನವರು ನನ್ನ ಮುಖ ನೋಡುತ್ತಾರೆ.

ಈಗಿನವರ ಮಾತು ಬಂತಲ್ಲ. ಕಳೆದ ತಿಂಗಳು ಪ್ರಕಾಶಕ ಮಿತ್ರರೊಬ್ಬರು ಕಚೇರಿಗೆ ಬಂದಿದ್ದರು. ಹೊಸ ಕಾದಂಬರಿ, ಒಳ್ಳೆಯ ಕಾದಂಬರಿ. ಎಷ್ಟು ಪ್ರತಿ ಎಂದೆ. ಮುನ್ನೂರು ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇನ್ನೂರು ಹೋದರೆ ಪುಣ್ಯ’ ಎಂದರು. ಕಂಪ್ಯೂಟರ್ ಇದೆ, ಮೊಬೈಲ್ ಇದೆ, ಗುಂಡಿ ಒತ್ತಿದರೆ ಮುದ್ರಣವಾಗುತ್ತದೆ, ಕನ್ನಡ ಬಲ್ಲವರು ಕೋಟಿಗಟ್ಟಲೆ ಇದ್ದಾರೆ, ಪ್ರತಿ ಮುನ್ನೂರು. ಕಬ್ಬಿಣದ ಮೊನೆಯಲ್ಲಿ ಕೆರೆಸಿ ಒಬ್ಬ ವಿಧವೆ ಸಾವಿರ ಮುಟ್ಟಿಸಿದ್ದಳು. ಆ ಮಿತ್ರರಿಗೆ ಚಹಾ ಕೊಡಿಸಿ ಇದನ್ನು ಹೇಳಿದೆ. ‘ಅವಳಿಗೆ ಬಾಕಿ ವಸೂಲಿಯ ತಲೆನೋವು ಇರಲಿಲ್ಲ’ ಎಂದರು. ಅದೂ ನಿಜ.

ಸನ್ಮಾನ ಸಮಾರಂಭಗಳಿಗೆ ಹೋಗಿ ನೋಡಿ. ಒಮ್ಮೆ ನಾನೂ ವೇದಿಕೆಯ ಮೇಲಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಒಂದು ಸ್ಮರಣಿಕೆ, ಜೊತೆಗೆ ಒಂದು ಪುಸ್ತಕ. ಸಭೆ ಮುಗಿದ ಮೇಲೆ ಕನ್ನಡಕ ಮರೆತೆನೆಂದು ಹಿಂತಿರುಗಿದರೆ ಸಭಾಂಗಣದ ಹುಡುಗರು ಕುರ್ಚಿ ಮಡಚುತ್ತಿದ್ದರು. ಹಣ್ಣಿನ ಬುಟ್ಟಿಗಳೆಲ್ಲ ಮನೆ ಸೇರಿದ್ದವು. ಮುಂದಿನ ಸಾಲಿನಲ್ಲಿ ನಾಲ್ಕು ಪುಸ್ತಕಗಳು ಉಳಿದಿದ್ದವು, ಬಣ್ಣದ ಕಾಗದವನ್ನೂ ಬಿಚ್ಚಿರಲಿಲ್ಲ. ಅವತ್ತಿನ ಭಾಷಣಗಳಲ್ಲಿ ಮೂರು ಮಂದಿ ದಾನಚಿಂತಾಮಣಿಯನ್ನು ನೆನೆದಿದ್ದರು. ನಾಲ್ಕೂ ಪುಸ್ತಕ ಈಗ ನಮ್ಮ ಕಚೇರಿಯ ಕಪಾಟಿನಲ್ಲಿವೆ, ಕಳ್ಳತನ ಎನ್ನುವುದಾದರೆ ಎನ್ನಿ.

ಗುಂಡಮಬ್ಬೆಯ ಬಗ್ಗೆ ನೀವೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಪತ್ರದ ರೂಪದಲ್ಲಲ್ಲ, ಲೇಖನವಾಗಿ. ಲಕ್ಕುಂಡಿ ನಿಮ್ಮ ಹಿತ್ತಲಲ್ಲೇ ಇದೆ. ನಿಮ್ಮ ಅಕ್ಷರ ದುಂಡಗಿದೆ, ಅಚ್ಚುಜೋಡಣೆಯ ಹುಡುಗಿಗೆ ಕಷ್ಟವಾಗದು. ಸಿಟ್ಟನ್ನು ಹಾಗೆಯೇ ಉಳಿಸಿಕೊಳ್ಳಿ, ಆದರೆ ಅಕ್ಕನನ್ನು ಬೈಯುವ ಮುನ್ನ ಒಂದು ಓಲೆಗರಿಯ ಮೇಲೆ ನಿಮ್ಮ ಹೆಸರು ಬರೆದು ನೋಡಿ.

ಮತ್ತೊಂದು ವಿಷಯ. ನಿಮ್ಮ ಪತ್ರದ ಮೇಲೆ ನಮ್ಮ ವ್ಯವಸ್ಥಾಪಕರು ಒಂದು ಚೀಟಿ ಅಂಟಿಸಿಟ್ಟಿದ್ದಾರೆ. ನಿಮ್ಮ ಚಂದಾ ಮುಂದಿನ ತಿಂಗಳಿಗೆ ಮುಗಿಯುತ್ತದಂತೆ.

— ಸಂಪಾದಕ