‘ಎನ್ನಲಾಗಿದೆ’ ಎಂದು ಬರೆದರೆ ಬಚಾವಾಗಬಹುದೇ?

ಪ್ರಶ್ನೆ: ನಾನೊಂದು ಪುಟ್ಟ ಪಾಕ್ಷಿಕ ನಡೆಸುತ್ತೇನೆ. ರಸ್ತೆ ಕಾಮಗಾರಿ ಅರ್ಧಕ್ಕೆ ನಿಂತಿದ್ದರೂ ಪೂರ್ತಿ ಬಿಲ್ ಆಗಿದೆ ಎಂದು ದಾಖಲೆ ಕೈಯಲ್ಲಿಟ್ಟುಕೊಂಡೇ ಕಳೆದ ತಿಂಗಳು ಬರೆದೆ. ಗುತ್ತಿಗೆದಾರರ ಹೆಸರು ಹಾಕಿರಲಿಲ್ಲ, ‘ಎನ್ನಲಾಗಿದೆ’ ಎಂದೂ ಸೇರಿಸಿದ್ದೆ. ಆದರೂ 10 ಲಕ್ಷ ರೂಪಾಯಿ ಮಾನನಷ್ಟ ಕೇಳಿ ವಕೀಲರ ನೋಟಿಸ್ ಬಂದಿದೆ. ಕ್ರಿಮಿನಲ್ ಕೇಸೂ ಹಾಕುತ್ತಾರಂತೆ. ಹಾಗಾದರೆ ಪತ್ರಿಕಾ ಸ್ವಾತಂತ್ರ್ಯ ಎಲ್ಲಿ ಹೋಯಿತು?

ಉತ್ತರ: ಮೊದಲು ಗಾಬರಿ ಬಿಡಿ. ನೋಟಿಸ್ ಎಂದರೆ ಕೇಸ್ ಅಲ್ಲ. ಬಹಳಷ್ಟು ನೋಟಿಸ್‌ಗಳು ಬರುವುದೇ ನೀವು ಹೆದರಿ ಮುಂದಿನ ಸಂಚಿಕೆಯಲ್ಲಿ ಸುಮ್ಮನಾಗಲಿ ಎಂದು. ಹಾಗಂತ ಉತ್ತರಿಸದೆ ಬಿಡಬೇಡಿ. ವಕೀಲರ ಮೂಲಕ, ದಾಖಲೆಗಳನ್ನು ಉಲ್ಲೇಖಿಸಿ ಉತ್ತರ ಕೊಡಿ.

ನಮ್ಮ ಸಂವಿಧಾನದಲ್ಲಿ ‘ಪತ್ರಿಕಾ ಸ್ವಾತಂತ್ರ್ಯ’ ಎಂಬ ಪದವೇ ಇಲ್ಲ. 19(1)(ಎ) ವಿಧಿ ಎಲ್ಲ ನಾಗರಿಕರಿಗೆ ಕೊಟ್ಟ ಮಾತಿನ ಹಕ್ಕಿನಲ್ಲೇ ಪತ್ರಿಕೆಯದೂ ಅಡಗಿದೆ ಎಂದು ಸುಪ್ರೀಂ ಕೋರ್ಟ್ 1950ರಿಂದಲೂ ಹೇಳುತ್ತ ಬಂದಿದೆ. ಅಂದರೆ ಸಂಪಾದಕರಿಗೆ ಓದುಗರಿಗಿಂತ ಹೆಚ್ಚಿನ ರಕ್ಷಣೆಯೇನೂ ಇಲ್ಲ. ಆ ಹಕ್ಕಿಗೆ 19(2)ನೇ ವಿಧಿ ಹಾಕಿರುವ ಎಂಟು ಮಿತಿಗಳಲ್ಲಿ ಮಾನಹಾನಿಯೂ ಒಂದು. ಕ್ರಿಮಿನಲ್ ಮಾನಹಾನಿ ಕಾನೂನನ್ನು ರದ್ದುಮಾಡಲು ಕೋರ್ಟ್ 2016ರಲ್ಲಿ ಒಪ್ಪಲಿಲ್ಲ. ಒಪ್ಪಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ಆದರೆ ನೋಟಿಸ್‌ಗೆ ಉತ್ತರ ಬರೆಯುವಾಗ ಅದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ನಿಮ್ಮ ಎರಡು ಗುರಾಣಿಗಳು. ಹೆಸರು ಹಾಕಿಲ್ಲ, ಸರಿ. ಆ ರಸ್ತೆಯ ಗುತ್ತಿಗೆ ಹಿಡಿದವರು ಒಬ್ಬರೇ ಆಗಿದ್ದರೆ ಓದುವವರಿಗೆಲ್ಲ ಅದು ಯಾರೆಂದು ಗೊತ್ತು. ಕೋರ್ಟಿಗೆ ಅಷ್ಟು ಸಾಕು. ‘ಎನ್ನಲಾಗಿದೆ’ ಅಂತೂ ಕನ್ನಡ ಪತ್ರಿಕೆಗಳ ಹಳೆಯ ತಾಯತ. ಬೇರೆಯವರು ಹೊರಿಸಿದ ಆರೋಪವನ್ನು ಮತ್ತೆ ಅಚ್ಚು ಹಾಕಿದರೆ ಹೊಣೆ ಅಚ್ಚು ಹಾಕಿದವರಿಗೂ ಅಂಟುತ್ತದೆ.

ನಿಮ್ಮನ್ನು ಕಾಯುವುದು ನಿಮ್ಮ ದಾಖಲೆ, ಜೊತೆಗೆ ನೀವು ಬರೆದ ವಾಕ್ಯ. ‘ಅಳತೆ ಪುಸ್ತಕದಲ್ಲಿ ಕೆಲಸ ಪೂರ್ಣ ಎಂದು ನಮೂದಾಗಿದೆ, ಬಿಲ್ ಪಾವತಿಯಾಗಿದೆ, ರಸ್ತೆ ಅರ್ಧಕ್ಕೆ ನಿಂತಿದೆ’ ಎಂದು ಬರೆದಿದ್ದರೆ ಮೂರನ್ನೂ ಕಾಗದ ಮತ್ತು ಫೋಟೊ ಇಟ್ಟು ಸಾಬೀತು ಮಾಡಬಹುದು. ‘ಗುತ್ತಿಗೆದಾರ ದುಡ್ಡು ನುಂಗಿದ್ದಾನೆ’ ಎಂದಿದ್ದರೆ ನುಂಗಿದ್ದನ್ನೂ ನೀವೇ ತೋರಿಸಬೇಕು. ದುಡ್ಡು ಕಚೇರಿಯಲ್ಲೇ ಯಾರ ಕೈ ಸೇರಿತೋ! ನೀವು ಕಳಿಸಿದ ಸಂಚಿಕೆಯಲ್ಲಿ ವರದಿ ಮೊದಲ ಬಗೆಯದು, ತಲೆಬರಹ ಎರಡನೆಯದು. ನನಗೆ ಅಳುಕಿರುವುದು ಆ ತಲೆಬರಹದ ಬಗ್ಗೆಯೇ.

ಕ್ರಿಮಿನಲ್ ಮಾನಹಾನಿಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಹತ್ತು ವಿನಾಯಿತಿಗಳಿವೆ. ಮೊದಲನೆಯದು ಸತ್ಯದ್ದು, ಆದರೆ ಬರೀ ಸತ್ಯ ಸಾಲದು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಬೇಕಾಗಿತ್ತು ಎನ್ನುವುದನ್ನೂ ತೋರಿಸಬೇಕು. ಸರ್ಕಾರಿ ದುಡ್ಡಿನ ರಸ್ತೆಯಾದ್ದರಿಂದ ನಿಮಗಿದು ಕಷ್ಟವಲ್ಲ. ಸಿವಿಲ್ ದಾವೆಯಲ್ಲಾದರೆ ಸತ್ಯವೊಂದೇ ಸಾಕು. ಸಾರ್ವಜನಿಕ ವಿಷಯದಲ್ಲಿ ಒಬ್ಬರ ನಡತೆಯ ಬಗ್ಗೆ ಸದುದ್ದೇಶದಿಂದ ಹೇಳಿದ ಅಭಿಪ್ರಾಯಕ್ಕೂ ವಿನಾಯಿತಿ ಇದೆ. ಕಾನೂನಿನ ಕಣ್ಣಲ್ಲಿ ಸದುದ್ದೇಶವೆಂದರೆ ಒಳ್ಳೆಯ ಮನಸ್ಸಷ್ಟೇ ಅಲ್ಲ, ಬರೆಯುವ ಮುಂಚೆ ವಹಿಸಿದ ಎಚ್ಚರ. ಗುತ್ತಿಗೆದಾರರಿಗೆ ಫೋನ್ ಮಾಡಿ ಏನಂತೀರಿ ಎಂದು ಕೇಳಿದ್ದಿರಾ? ಕೇಳಿದ್ದರೆ ಕರೆಯ ದಿನಾಂಕ, ವೇಳೆ ಇವತ್ತೇ ಬರೆದಿಟ್ಟುಕೊಳ್ಳಿ. ಕೇಳಿರದಿದ್ದರೆ ಮುಂದಿನ ಸಂಚಿಕೆಯಲ್ಲಿ ಅವರ ವಿವರಣೆಗೆ ಜಾಗ ಕೊಡಿ. ಅದು ತಪ್ಪೊಪ್ಪಿಗೆಯಾಗುವುದಿಲ್ಲ.

ಇದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಮತ್ತು ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಅದನ್ನು ವಿಚಾರಣೆಗೆ ಅಂಗೀಕರಿಸುವ ಮುನ್ನ ನಿಮ್ಮ ಮಾತನ್ನೂ ಕೇಳಬೇಕು. ನಿಮ್ಮ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಅಷ್ಟರೊಳಗೆ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಸಚಿವರೊಬ್ಬರನ್ನು ಗೇಲಿ ಮಾಡಿ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ‘66ಎ ಹಾಕಿಸಿ ಒಳಗೆ ಕಳಿಸ್ತೀವಿ’ ಎಂದು ಅವರ ಬೆಂಬಲಿಗರು ಹೆದರಿಸುತ್ತಿದ್ದಾರೆ.

ಉತ್ತರ: ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದುಮಾಡಿದೆ. ಚರ್ಚೆ ಮಾಡುವುದು, ಒಂದು ನಿಲುವನ್ನು ಪ್ರತಿಪಾದಿಸುವುದು ಬೇರೆ, ಅಪರಾಧಕ್ಕೆ ಪ್ರಚೋದಿಸುವುದು ಬೇರೆ ಎಂದು ಅದೇ ತೀರ್ಪು ವಿಂಗಡಿಸಿತು. ಗೇಲಿ ಪ್ರಚೋದನೆಯಲ್ಲ. ಆದರೆ ಅದೇ ಪೋಸ್ಟಿನ ಕೆಳಗೆ ಸಚಿವರ ಮನೆ ವಿಳಾಸ ಹಾಕಿ ‘ಹೋಗಿ ವಿಚಾರಿಸ್ಕೊಳ್ಳಿ’ ಎಂದು ಬರೆದಿದ್ದೀರಿ. ಆ ಸಾಲನ್ನು ತೆಗೆಯಿರಿ, ಗೇಲಿ ಹಾಗೇ ಇರಲಿ.