ಡಿಸೆಂಬರಿನಲ್ಲಿ ಬೀಚು ಸುಮ್ನೆ ಖಾಲಿ ಇರುವುದಿಲ್ಲ

ಎಂಟು ಜನ, 80 ದಾಟಿದ ತಾತ, ಇಬ್ಬರು ಚಿಕ್ಕ ಮಕ್ಕಳು, ಡಿಸೆಂಬರ್ ಕೊನೆಯ ವಾರ. ಬಾಲಿ, ವಿಯೆಟ್ನಾಂ, ಶ್ರೀಲಂಕಾ, ಯಾವುದಾದರೂ ಸರಿ, ಜನಜಂಗುಳಿ ಮಾತ್ರ ಬೇಡ, ಎಲ್ಲಿಗೆ ಹೋಗೋಣ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 2018ರಲ್ಲಿ ನಾನೂ ಇದನ್ನೇ ಹುಡುಕುತ್ತಾ ರಾತ್ರಿ ಒಂದು ಗಂಟೆವರೆಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ.

ನಾವು ಒಂಬತ್ತು ಜನ. ಅಮ್ಮನ ಅಮ್ಮ, ಅಂದರೆ ನಮ್ಮಜ್ಜಿ, ಆಗ 84. ಅಪ್ಪ, ಅಮ್ಮ, ನಾನು, ಹೆಂಡತಿ, ತಂಗಿ, ಅವಳ ಗಂಡ. ನನ್ನ ಮಗಳಿಗೆ 11, ತಂಗಿಯ ಮಗನಿಗೆ 4. ಶ್ರೀಲಂಕಾ ಅಂತ ತೀರ್ಮಾನ ಆಗಿದ್ದು ಅಜ್ಜಿಯ ಮಂಡಿಯಿಂದ. ಬೆಂಗಳೂರಿಂದ ಕೊಲಂಬೋಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೆ. ಕೂತು ಕಾಲು ಹಿಡಿದುಕೊಳ್ಳುವಷ್ಟರಲ್ಲಿ ಇಳಿದುಬಿಡಬಹುದು. ಇಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ಹೋಟೆಲು ನೋಡೋಕೆ ಶುರು ಮಾಡಿದೆ. ಪಶ್ಚಿಮ, ದಕ್ಷಿಣ ತೀರದ ಬೀಚೂರುಗಳಾದ ಬೆಂಟೋಟ, ಹಿಕ್ಕಡುವ, ಉನವಟುನ, ಎಲ್ಲ ಕಡೆ ಕ್ರಿಸ್‌ಮಸ್ ರೇಟು, ನಾಲ್ಕು ರೂಮು ಒಟ್ಟಿಗೆ ಸಿಗುವುದೇ ಕಷ್ಟ. ಮ್ಯಾಪನ್ನು ಬಲಕ್ಕೆ ಸರಿಸಿದರೆ ಪೂರ್ವ ಕರಾವಳಿ. ಟ್ರಿಂಕೋಮಲಿ ಹತ್ತಿರ ನಿಲಾವೇಲಿ ಅಂತ ಬೀಚು. ಬೆಂಟೋಟದ ಅರ್ಧ ದುಡ್ಡಿಗೆ ಸಮುದ್ರ ಕಾಣುವ ನಾಲ್ಕು ರೂಮು, ಅದೂ ಅಕ್ಕಪಕ್ಕ. ಸಾಲದ್ದಕ್ಕೆ ಟ್ರಿಂಕೋಮಲಿಯಲ್ಲಿ ಕೋಣೇಶ್ವರ ದೇವಸ್ಥಾನ ಬೇರೆ ಇದೆ, ಅಪ್ಪ ಅಮ್ಮನಿಗೆ ಖುಷಿ. ಐದು ರಾತ್ರಿ ಬುಕ್ ಮಾಡಿದೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ ಅನ್ನೋ ರೇಟು ಇನ್ನೂ ಕಡಿಮೆ ಇತ್ತು, ಅದನ್ನೇ ಒತ್ತಿದೆ.

ನನ್ನ ತಪ್ಪು ಇಲ್ಲಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಹಾಗೆ ಕಾಣುತ್ತಿದೆ.

ಮಳೆ ಬಗ್ಗೆ ನಾನು ನೋಡಲೇ ಇಲ್ಲ ಅಂತಲ್ಲ. ನೋಡಿದ್ದೆ. ಎಕ್ಸೆಲ್ ಶೀಟು ಮಾಡಿದ್ದೆ! ಕೊಲಂಬೋದಲ್ಲಿ ವರ್ಷಕ್ಕೆ ಸುಮಾರು 2,400 ಮಿ.ಮೀ. ಮಳೆ. ಟ್ರಿಂಕೋಮಲಿಯಲ್ಲಿ ಸುಮಾರು 1,600. ಟ್ರಿಂಕೋಮಲಿ ಇರುವ ಭಾಗಕ್ಕೆ ಅಲ್ಲಿನವರು ಒಣ ವಲಯ ಅಂತಲೇ ಕರೆಯುತ್ತಾರೆ. ಒಣ ಅಂದರೆ ಒಣ, ಮುಗೀತಲ್ಲ? ಆದರೆ ನಾನು ನೋಡಿದ್ದು ವರ್ಷದ ಮಳೆ, ತಿಂಗಳ ಮಳೆ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುತ್ತದೆ, ಆದರೂ ಜನವರಿಯಲ್ಲಿ ಹೋದರೆ ಕೊಡೆ ಬೇಡ. ಇದು ಅದರ ತಿರುವುಮುರುವು. ಆ ಒಣ ವಲಯದ ಮಳೆಯಲ್ಲಿ ಹೆಚ್ಚು ಪಾಲು ಬೀಳುವುದೇ ಅಕ್ಟೋಬರಿನಿಂದ ಜನವರಿ ಒಳಗೆ. ಡಿಸೆಂಬರ್ ಒಂದರಲ್ಲೇ 300 ಮಿ.ಮೀ.ಗಿಂತ ಜಾಸ್ತಿ. ಬೆಂಗಳೂರಿಗೆ ಇಡೀ ವರ್ಷ ಬೀಳುವುದರಲ್ಲಿ ಮೂರನೇ ಒಂದು ಪಾಲು, ಒಂದೇ ತಿಂಗಳಲ್ಲಿ.

ನಮ್ಮ ತಲೆಯಲ್ಲಿ ಮಳೆ ಅಂದರೆ ಮುಂಗಾರು. ಜೂನ್‌ನಲ್ಲಿ ಶುರು, ಸೆಪ್ಟೆಂಬರಿನಲ್ಲಿ ಮುಗೀತು, ಡಿಸೆಂಬರ್ ಅಂದರೆ ಅವರೆಕಾಯಿ, ಚಳಿ, ಮದುವೆ. ಆದರೆ ಹಿಂಗಾರು ಗಾಳಿ ಬಂಗಾಳ ಕೊಲ್ಲಿಯ ನೀರು ಹೊತ್ತು ಈಶಾನ್ಯದಿಂದ ಬೀಸುತ್ತದೆ, ಶ್ರೀಲಂಕಾದ ಪೂರ್ವ ತೀರ ಅದಕ್ಕೆ ನೇರ ಎದೆ ಕೊಟ್ಟು ನಿಂತಿದೆ. ಇದೇನು ರಾಕೆಟ್ ವಿಜ್ಞಾನ ಅಲ್ಲ, ಹೈಸ್ಕೂಲ್ ಭೂಗೋಳ.

ಫೋಟೋಗಳೂ ಮೋಸ ಮಾಡಿದವು. ನೀಲಿ ಸಮುದ್ರ, ಬಿಳಿ ಮರಳು, ಐದಕ್ಕೆ ನಾಲ್ಕೂಮುಕ್ಕಾಲು ಸ್ಟಾರು. ಹೋಗಿಬಂದ ಮೇಲೆ ಅದೇ ವಿಮರ್ಶೆಗಳನ್ನು ಮತ್ತೆ ತೆಗೆದು ತಾರೀಖು ನೋಡಿದೆ. ಜುಲೈ, ಆಗಸ್ಟ್, ಆಗಸ್ಟ್, ಜೂನ್, ಆಗಸ್ಟ್. ಡಿಸೆಂಬರಿನದು ಒಂದೂ ಇಲ್ಲ. ಡಿಸೆಂಬರಿನಲ್ಲಿ ಅಲ್ಲಿಗೆ ಯಾರೂ ಹೋಗಿರಲಿಲ್ಲ. ನಾನು ಅದನ್ನು 'ಜನ ಕಡಿಮೆ' ಅಂತ ಓದಿಕೊಂಡೆ.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಅಪ್ಪ ಹೇಳಿದ್ದರು. ತಿಪಟೂರಿನಲ್ಲಿ ನಮ್ಮದು ತೆಂಗಿನ ತೋಟ. ನಾನು ಫೋನಿನಲ್ಲಿ ಬುಕಿಂಗ್ ಪೌರುಷ ಕೊಚ್ಚಿಕೊಳ್ಳುತ್ತಿದ್ದರೆ ಅವರು, "ಸ್ವಾತಿ ಮಳೆ ಮುಗಿದ ಮೇಲೆ ಮೋಡ ತೆಂಕಲಿಗೆ ಹೋಗ್ತವಲ್ಲೋ, ಲಂಕೆ ಇರೋದೂ ಅಲ್ಲೇ ತಾನೆ?" ಅಂದರು. ನಾನು, "ಅಪ್ಪಾ, ಅದು ಬೇರೆ ದೇಶ" ಅಂದೆ. ಮೋಡಕ್ಕೆ ಪಾಸ್‌ಪೋರ್ಟ್ ಬೇಕು ಅನ್ನೋ ಹಾಗೆ.

ಡಿಸೆಂಬರ್ 21ಕ್ಕೆ ವ್ಯಾನಿನಲ್ಲಿ ಹೊರಟೆವು. ವಿಮಾನ ನಿಲ್ದಾಣದ ಕಡೆಯಿಂದ ಟ್ರಿಂಕೋಮಲಿಗೆ ಸುಮಾರು 250 ಕಿ.ಮೀ., ಅಜ್ಜಿಗಾಗಿ ನಿಲ್ಲಿಸಿ ನಿಲ್ಲಿಸಿ ಹೋದರೆ ಇಡೀ ಹಗಲು. ಹಬರಣ ದಾಟಿದ ಮೇಲೆ ವೈಪರ್ ನಿಲ್ಲಲಿಲ್ಲ. ಹೋಟೆಲಿಗೆ ಬಂದರೆ ನಿಜವಾಗಲೂ ಜನ ಇಲ್ಲ. ನಾವು ಒಂಬತ್ತು, ಇನ್ನೊಂದು ವಿದೇಶಿ ಜೋಡಿ, ಅಷ್ಟೆ. ಮೊದಲ ಅರ್ಧ ಗಂಟೆ ಹೆಮ್ಮೆಯಿಂದ ಓಡಾಡಿದೆ.

ಖಾಲಿ ಹೋಟೆಲು ಹೇಗಿರುತ್ತದೆ ಅಂತ ಆಮೇಲೆ ಗೊತ್ತಾಯಿತು. ಜನ ಇಲ್ಲ ಅಂತ ಬಫೆ ಇಲ್ಲ, ಬೆಳಿಗ್ಗೆಯೇ ರಾತ್ರಿಯ ಊಟ ಹೇಳಿಬಿಡಬೇಕು. ಎಂಟಕ್ಕೆ ಅಡುಗೆಮನೆ ಬಂದ್. ಈಜುಕೊಳದ ನೀರು ಹಸಿರು. ಎದುರಿಗೆ ಪಿಜನ್ ಐಲ್ಯಾಂಡ್ ಅಂತ ಸುತ್ತ ಹವಳವಿರುವ ದ್ವೀಪ, ಅಲೆ ಜೋರಿದ್ದರಿಂದ ದೋಣಿಗಳೆಲ್ಲ ಮರಳಿನ ಮೇಲೆ ಬೋರಲು ಬಿದ್ದಿದ್ದವು. ರೂಮಿನಿಂದ ಊಟದ ಹಾಲಿಗೆ ಹೊಳೆಯುವ ಟೈಲ್ಸಿನ ಉದ್ದ ಜಗಲಿ, ಮೇಲೆ ಸೂರು ಅರ್ಧಕ್ಕೇ. ಮಳೆ ಓರೆಯಾಗಿ ಹೊಡೆದು ಇಡೀ ಜಗಲಿ ಒದ್ದೆ. ಅಜ್ಜಿಯನ್ನು ಮೂರು ಹೊತ್ತೂ ನಾನು ಒಂದು ಕಡೆ, ತಂಗಿಯ ಗಂಡ ಒಂದು ಕಡೆ ಹಿಡಿದು, ಟವೆಲ್ ಹಾಸುತ್ತಾ ಹಾಸುತ್ತಾ ಕರೆದುಕೊಂಡು ಹೋದೆವು. ಎರಡು ಟವೆಲ್. ಅಜ್ಜಿ ಒಂದರ ಮೇಲೆ ನಿಂತರೆ ಹಿಂದಿನದನ್ನು ಎತ್ತಿ ಮುಂದೆ ಹಾಸುವುದು. ಮಗಳು ಅದನ್ನು ವಿಡಿಯೋ ಮಾಡಿದ್ದಾಳೆ, ಈಗಲೂ ಮನೆಯಲ್ಲಿ ಹಾಕಿಕೊಂಡು ನಗುತ್ತಾರೆ. ಆವತ್ತು ಯಾರೂ ನಗಲಿಲ್ಲ.

22ರಂದು ಹುಣ್ಣಿಮೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಪೋಯ ಅಂತ ಸರ್ಕಾರಿ ರಜೆ, ಹೆಂಡ ಮಾರುವ ಹಾಗಿಲ್ಲ. ತಂಗಿಯ ಗಂಡನಿಗೆ ಬಿಯರ್ ಇಲ್ಲ ಅನ್ನೋದು ಬಿಡಿ, ಅವತ್ತೇ ರಾತ್ರಿ ಅವನ ಮಗನಿಗೆ ಜ್ವರ ಬಂತು. ಪೇಟೆ 15 ಕಿಲೋಮೀಟರ್. ನಮ್ಮ ಡ್ರೈವರ್ ಊಟಕ್ಕೆ ಅಂತ ಊರೊಳಗೆ ಹೋದವನು ರಸ್ತೆಯಲ್ಲಿ ನೀರು ನಿಂತು ಸಿಕ್ಕಿಹಾಕಿಕೊಂಡಿದ್ದ. ಹೊರಗೆ ಆಟೋ ಇಲ್ಲ. ಸೀಸನ್ನಿನಲ್ಲಿ ಗೇಟಿನ ಮುಂದೆ ಸಾಲಾಗಿ ನಿಂತಿರುತ್ತವಂತೆ. ಜನ ಇದ್ದರೆ ತಾನೆ ಆಟೋ ಇರೋದು? ಹೋಟೆಲಿನ ಕಾವಲುಗಾರ ಯಾರನ್ನೋ ಎಬ್ಬಿಸಿ ಕರೆತಂದ. ನನ್ನ ಹೆಂಡತಿಗೆ ತಮಿಳು ಬರುತ್ತದೆ, ಅದರಿಂದ ಬದುಕಿಕೊಂಡೆವು. ಡಾಕ್ಟರು ನೋಡಿ ಮಾತ್ರೆ ಕೊಟ್ಟರು, ಬೆಳಗಿನ ಹೊತ್ತಿಗೆ ಇಳಿಯಿತು. ಆ ಎರಡು ಗಂಟೆಯಲ್ಲಿ ತಂಗಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಟ್ರಿಂಕೋಮಲಿಯನ್ನು ಬೈದರೆ ಪಾಪ ಬರುತ್ತದೆ, ಊರು ಚೆನ್ನಾಗಿದೆ. 23ಕ್ಕೆ ಮೂರು ಗಂಟೆ ಮಳೆ ಬಿಟ್ಟುಕೊಟ್ಟಿತು. ಫ್ರೆಡರಿಕ್ ಕೋಟೆಯೊಳಗೆ ಚುಕ್ಕೆ ಜಿಂಕೆಗಳು ದನದ ಹಾಗೆ ಓಡಾಡಿಕೊಂಡಿರುತ್ತವೆ, ಅದನ್ನು ದಾಟಿ ಹೋದರೆ ಬಂಡೆಯ ತುದಿಯಲ್ಲಿ ಕೋಣೇಶ್ವರ. ಕೆಳಗೆ ಸಮುದ್ರ ಕುದಿಯುತ್ತಿತ್ತು. ವಾಪಸ್ ಬರುತ್ತಾ ಕನ್ನಿಯ ಬಿಸಿನೀರಿನ ಬುಗ್ಗೆಗೆ ಹೋದೆವು. ಏಳು ಪುಟ್ಟ ಚೌಕ ಬಾವಿಗಳು, ಒಂದೊಂದರ ಬಿಸಿ ಒಂದೊಂದು ಥರ. ರಾವಣ ತಾಯಿಯ ಉತ್ತರಕ್ರಿಯೆಗೆ ನೆಲ ಚುಚ್ಚಿ ನೀರು ತರಿಸಿದ ಅಂತ ಕತೆ. ಅಮ್ಮ ಬಕೆಟ್ಟಿನಲ್ಲಿ ಎತ್ತೆತ್ತಿ ಅಜ್ಜಿಯ ಮಂಡಿಗೆ ಸುರಿದರು. ಅಜ್ಜಿ ಕಣ್ಣು ಮುಚ್ಚಿ, "ಇನ್ನೊಂದು ಹಾಕು" ಅಂದರು. ಹದಿನೈದು ಬಕೆಟ್ ಆಗಿರಬಹುದು. ಆ ಮೂರು ದಿನದಲ್ಲಿ ಅಜ್ಜಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

24ರ ಬೆಳಿಗ್ಗೆ ಉಳಿದ ಎರಡು ರಾತ್ರಿಯ ದುಡ್ಡು ಬಿಟ್ಟು ಹೊರಟುಬಿಟ್ಟೆವು. ದಂಬುಲ್ಲದಲ್ಲಿ ಮಳೆ ಹನಿಯಾಯಿತು. ಕುರುಣೆಗಲ ದಾಟಿದ ಮೇಲೆ ಬಿಸಿಲು, ಎರಡೂ ಕಡೆ ತೆಂಗು. ಅಪ್ಪ ಕಿಟಕಿಗೆ ಮೂಗು ಅಂಟಿಸಿ ಮರಕ್ಕೆ ಎಷ್ಟು ಕಾಯಿ ಅಂತ ಎಣಿಸುತ್ತಿದ್ದರು. ಮಳೆ ವಿಷಯ ಎತ್ತಲೇ ಇಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು.

ಡ್ರೈವರ್ ಫೋನ್ ಮಾಡಿ ಮಾಡಿ ನೆಗೊಂಬೊದಲ್ಲಿ ಒಂದು ಮನೆ ಹಿಡಿದ. ವಿಮಾನ ನಿಲ್ದಾಣಕ್ಕೆ ಹತ್ತು ಕಿಲೋಮೀಟರ್ ದೂರದ ಊರು, ಎಲ್ಲರೂ ಒಂದು ರಾತ್ರಿ ಮಲಗಿ ಹೋಗಿಬಿಡುತ್ತಾರೆ. ನಾನೂ ಮ್ಯಾಪಿನಲ್ಲಿ ಅದನ್ನು ದಾಟಿಯೇ ಹೋಗಿದ್ದೆ. ನೆಲಮಟ್ಟದಲ್ಲೇ ಮೂರು ರೂಮು, ಒಂದೂ ಮೆಟ್ಟಿಲಿಲ್ಲ, ಒಂದು ಅಡುಗೆಮನೆ. ಮಹಡಿಯಲ್ಲಿ ಮನೆಯೊಡತಿ. ಅಮ್ಮ ಕಾಲಿಟ್ಟ ಕೂಡಲೇ ಸ್ಟವ್ ಹಚ್ಚಿ ಅನ್ನ ಸಾರು ಮಾಡಿದರು.

ನೆಗೊಂಬೊದಲ್ಲಿ ಕ್ಯಾಥೊಲಿಕರು ಜಾಸ್ತಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಆ ಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮನೆ ಮನೆಗೂ ನಕ್ಷತ್ರದ ದೀಪ, ಗೋದಲಿ, ಬಿಳಿ ಫ್ರಾಕಿನ ಹುಡುಗಿಯರು, ಪಟಾಕಿ, ಅರ್ಧರಾತ್ರಿ ಪೂಜೆಗೆ ಹೊರಟ ಅಜ್ಜ ಅಜ್ಜಿಯರು. ಮನೆಯೊಡತಿ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಒಂಬತ್ತಕ್ಕೆ ಮಲಗುವ ನಮ್ಮಜ್ಜಿ ಹನ್ನೆರಡೂವರೆಯವರೆಗೆ ಶಾಲು ಹೊದ್ದು ಅಲ್ಲೇ ಕೂತರು. ದಾರಿಯಲ್ಲಿ ಹೋಗುವವರೆಲ್ಲ ಕೈ ಮುಗಿಯೋರು, ಅಜ್ಜಿಯೂ ಮುಗಿಯೋರು. ಯಾರೋ ಕೇಕ್ ಕೊಟ್ಟರು, ಮೊಟ್ಟೆ ಇರುತ್ತೆ ಅಂತ ನನ್ನ ಮಗಳಿಗೆ ದಾಟಿಸಿದರು. ಕೊನೆಗೆ ನನ್ನನ್ನು ಕರೆದು, "ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ ಕಣೋ. ಮೊದಲೇ ಇಲ್ಲಿಗೆ ಕರ್ಕೊಂಡು ಬರಬಾರದಿತ್ತಾ?" ಅಂದರು.

(ನಾಲ್ಕು ತಿಂಗಳಿಗೆ, 2019ರ ಏಪ್ರಿಲ್ 21, ಈಸ್ಟರ್ ದಿನ, ಅದೇ ಊರಿನ ಕಟುವಾಪಿಟಿಯದ ಸೇಂಟ್ ಸೆಬಾಸ್ಟಿಯನ್ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಟಿವಿ ನೋಡಿದ ಅಜ್ಜಿ ಮೊದಲು ಕೇಳಿದ್ದು ಆ ಮನೆಯೊಡತಿಯನ್ನು. ಫೋನ್ ಮಾಡಿದೆ, ಅವರು ಕ್ಷೇಮವಾಗಿದ್ದರು. ಪರಿಚಯದವರು ಹೋಗಿದ್ದಾರೆ ಅಂದರು. ಮುಂದೆ ಮಾತಾಡಲು ಆಗಲಿಲ್ಲ.)

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಜನ ಬೇಡ ಅನ್ನೋದು ಯಾರಿಗೆ? ವಾರಪೂರ್ತಿ ಸಿಲ್ಕ್ ಬೋರ್ಡಿನಲ್ಲಿ ನಿಲ್ಲುವ ನಮಗೆ. ನಿಮ್ಮ ತಾತ ದಿನಾ ನೋಡುವುದು ನಾಲ್ಕು ಗೋಡೆ, ಅವರಿಗೆ ಇನ್ನೂ ಖಾಲಿ ಜಾಗ ತೋರಿಸಿ ಏನು ಪ್ರಯೋಜನ? ವಯಸ್ಸಾದವರಿಗೆ ಕಷ್ಟ ಜನರಿಂದಲ್ಲ. ನಿಲ್ಲುವುದರಿಂದ, ಮೆಟ್ಟಿಲಿನಿಂದ, ದಿನಾ ಪೆಟ್ಟಿಗೆ ಕಟ್ಟುವುದರಿಂದ. ಹಾಗಾಗಿ ಬಂಡೆಯ ಮೇಲಿನ ಹಳೇ ಕೋಟೆ ಸಿಗಿರಿಯಾ ಬಿಟ್ಟುಬಿಡಿ, 1,200 ಮೆಟ್ಟಿಲು. ಒಂದು ವಾರಕ್ಕೆ ಒಂದೇ ಮನೆ, ಹೆಚ್ಚೆಂದರೆ ಎರಡು.

ಡಿಸೆಂಬರಿನಲ್ಲಿ ಅಗ್ಗಕ್ಕೆ, ಖಾಲಿಯಾಗಿ ಸಿಗುವ ಬೀಚು ಕಂಡರೆ ಮೊದಲು ಆ ತಿಂಗಳ ಮಳೆ ನೋಡಿ. ವಿಯೆಟ್ನಾಮಿನ ಹೋಯಿ ಆನ್, ಡಾ ನಾಂಗ್ ಕಡೆ ಆಗ ಮಳೆಗಾಲದ ಬಾಲ. ಮಲೇಷ್ಯಾದ ಪೆರ್ಹೆಂತಿಯನ್ ದ್ವೀಪಗಳಲ್ಲಿ ರೆಸಾರ್ಟುಗಳು ಬಹುತೇಕ ಬಾಗಿಲು ಹಾಕಿರುತ್ತವೆ. ಬಾಲಿಯಲ್ಲಂತೂ ಮಳೆಯೂ ಇರುತ್ತದೆ, ಜನವೂ ಇರುತ್ತಾರೆ. ಶ್ರೀಲಂಕಾ ಅಂದರೆ ಪಶ್ಚಿಮ, ಇಲ್ಲ ದಕ್ಷಿಣ ತೀರ, ಕಣ್ಣು ಮುಚ್ಚಿಕೊಂಡು. ಟ್ರಿಂಕೋಮಲಿಗೆ ಶಾಲೆಯ ಬೇಸಿಗೆ ರಜೆ ಮುಗಿಯುವ ಮೇ ಕೊನೆಯಲ್ಲಿ ಹೋಗಿ, ನನಗೂ ಒಂದು ಫೋಟೋ ಕಳಿಸಿ.

ಸಸ್ಯಾಹಾರಿಗಳಾದರೆ ತೆಂಗಿನತುರಿಯ ಪೋಲ್ ಸಂಬೋಲ್ ಬಾಯಿಗೆ ಹಾಕುವ ಮೊದಲು 'ಉಂಬಲಕಡ ಇದೆಯಾ' ಅಂತ ಕೇಳಿ. ಅದು ಒಣಮೀನು, ಚಟ್ನಿಯೊಳಗೆ ಪುಡಿಯಾಗಿ ಸೇರಿಬಿಟ್ಟಿರುತ್ತದೆ. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ತಿನ್ನಿ, ಅದರಲ್ಲಿ ಅನುಮಾನ ಬೇಡ. ಕಿತುಲ್ ಅಂದರೆ ನಮ್ಮ ಮಲೆನಾಡಿನ ಬಗನಿ ಮರ.

ಇನ್ನೊಂದು. ಇಷ್ಟುದ್ದ ಪ್ರಶ್ನೆಯಲ್ಲಿ ಬಜೆಟ್ ಇದೆ, ತಾರೀಖು ಇದೆ, ತಾತನ ವಯಸ್ಸಿದೆ. ತಾತನಿಗೆ ಏನು ನೋಡಬೇಕು ಅಂತ ಆಸೆ ಇದೆ ಅನ್ನೋದೇ ಇಲ್ಲ. ಕೇಳಿಕೊಂಡು ಬನ್ನಿ, ಆಮೇಲೆ ಊರು ಹೇಳುತ್ತೇನೆ.