ಓದುಗರ ಪ್ರಶ್ನೆ – ನಮ್ಮ ಉತ್ತರ: ಉಗಿ ಎಂಜಿನ್ನಿನ ಜೀರ್ಣೋದ್ಧಾರಕ್ಕೆ ಹಣ ಹೊಂದಿಸುವುದು ಹೇಗೆ?

ಪ್ರಶ್ನೆ: ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಸೇರಿದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನ್ನಿನ ದುರಸ್ತಿಗೆ ಹತ್ತು ವರ್ಷವೂ 42 ಲಕ್ಷ ಪೌಂಡುಗಳೂ ಹಿಡಿದವೆಂದು ಓದಿದೆ. ಕೊಳ್ಳುವಾಗಲೇ ಖರ್ಚಿನ ಲೆಕ್ಕ ಹಾಕಲು ಆಗುತ್ತಿರಲಿಲ್ಲವೇ? — ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರು

ಉತ್ತರ: 1923ರಲ್ಲಿ ಡಾಂಕಾಸ್ಟರ್‌ನ ಕಾರ್ಖಾನೆಯಿಂದ ಹೊರಬಂದು, 1934ರ ನವೆಂಬರ್ 30ರಂದು ಗಂಟೆಗೆ ನೂರು ಮೈಲಿ ವೇಗವನ್ನು ಮುಟ್ಟಿದ ಈ ಎಂಜಿನ್ನನ್ನು 2004ರಲ್ಲಿ ವಸ್ತುಸಂಗ್ರಹಾಲಯವು 23.1 ಲಕ್ಷ ಪೌಂಡುಗಳಿಗೆ ಕೊಂಡುಕೊಂಡಿತು. ಅದರಲ್ಲಿ 18 ಲಕ್ಷವನ್ನು ರಾಷ್ಟ್ರೀಯ ಪರಂಪರೆ ಸ್ಮಾರಕ ನಿಧಿಯು ಕೊಟ್ಟಿತು. ಸಾರ್ವಜನಿಕರು ಕೈಯಿಂದ ಕೈಗೆ ಕೂಡಿಸಿದ ಹಣಕ್ಕೆ ಉದ್ಯಮಿ ರಿಚರ್ಡ್ ಬ್ರಾನ್ಸನ್ ಅಷ್ಟೇ ಮೊತ್ತವನ್ನು ಸೇರಿಸಿದರು. ಕೊಳ್ಳುವ ಹಣ ಕೆಲವೇ ವಾರಗಳಲ್ಲಿ ಕೂಡಿಬಂದದ್ದು ಆಶ್ಚರ್ಯವಲ್ಲ, ಏಕೆಂದರೆ ಕಣ್ಣೆದುರಿಗಿರುವ, ಹೆಸರುವಾಸಿಯಾದ ವಸ್ತು ಕೈತಪ್ಪಿಹೋಗುತ್ತದೆ ಎಂದಾಗ ಜನ ಉದಾರವಾಗಿ ಕೊಡುತ್ತಾರೆ. ಕಷ್ಟವಿದ್ದದ್ದು ಅದರ ನಂತರದ ಕೆಲಸದಲ್ಲಿ. 2006ರಲ್ಲಿ ಆರಂಭವಾದ ದುರಸ್ತಿಯಲ್ಲಿ ಒಂದೊಂದು ಭಾಗವನ್ನು ಬಿಚ್ಚಿದಂತೆಲ್ಲ ಹೊಸ ದೋಷಗಳು ಕಾಣಿಸಿದವು. ಎಂಜಿನ್ನಿನ ಬೆನ್ನೆಲುಬಾದ ಚೌಕಟ್ಟಿನಲ್ಲಿಯೇ ಬಿರುಕುಗಳಿರುವುದು ಕೆಲಸ ಅರ್ಧಕ್ಕೆ ಬಂದ ಮೇಲೆ ಗೊತ್ತಾಯಿತು. ಕೊನೆಗೆ 2016ರ ಫೆಬ್ರವರಿ 25ರಂದು ಅದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಯಾರ್ಕ್‌ಗೆ ಓಡಿತು.

ಹೊರಗಿನಿಂದ ನೋಡಿ ಉಗಿ ಎಂಜಿನ್ನಿನ ಒಳಗಿನ ಸವಕಳಿಯನ್ನು ಪೂರ್ತಿಯಾಗಿ ಅಳೆಯಲು ಬರುವುದಿಲ್ಲ. ನೀರು ಕಾಯ್ದು ಉಗಿಯಾಗುವ ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ ಇಳಿಸಿ, ಕೊಳವೆಗಳನ್ನೆಲ್ಲ ಎಳೆದು ಹಾಕಿ, ತಗಡಿನ ದಪ್ಪವನ್ನು ಅಲ್ಟ್ರಾಸೌಂಡ್ ಉಪಕರಣದಿಂದ ಅಳೆದ ಮೇಲೆಯೇ ನಂಬಬಹುದಾದ ಅಂದಾಜು ಸಿಗುತ್ತದೆ. ಹಾಗೆ ಬಿಚ್ಚುವುದಕ್ಕೂ ಹಣ ಬೇಕು. ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲಿಯೇ.

ಪ್ರಶ್ನೆ: ನಾನು ಉತ್ತರ ಇಂಗ್ಲೆಂಡಿನ ಒಂದು ಚಿಕ್ಕ ಸಂಘದಲ್ಲಿ ಸ್ವಯಂಸೇವಕ. ನಮ್ಮ ಎಂಜಿನ್ನಿನ ಬಾಯ್ಲರ್ ಸುರಕ್ಷಿತವೆಂದು ಕೊಡುವ ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದಿದೆ. ಸದಸ್ಯರು ಇನ್ನೂರು ಮಂದಿಯೂ ಇಲ್ಲ. ಹಣವನ್ನೂ ಕೆಲಸವನ್ನೂ ಯಾವ ಕ್ರಮದಲ್ಲಿ ಹೊಂದಿಸಬೇಕು? — ಓದುಗ, ಲೀಡ್ಸ್

ಉತ್ತರ: ನಿಮ್ಮ ಸಂಘ ಚಿಕ್ಕದೆಂದು ಎದೆಗುಂದಬೇಡಿ. ವೇಲ್ಸ್‌ನ ಬ್ಯಾರಿ ಎಂಬಲ್ಲಿನ ಗುಜರಿ ಅಂಗಳದಿಂದ 213 ಎಂಜಿನ್ನುಗಳು ಉಳಿದು ಬಂದದ್ದು ಬಹುಪಾಲು ಇಂಥ ಸಂಘಗಳಿಂದಲೇ. ಆದರೆ ದುರಸ್ತಿಯನ್ನು ಒಂದೇ ಸಲ ಮಾಡಿ ಮುಗಿಸುವ ಕೆಲಸವೆಂದು ಎಣಿಸಬೇಡಿ. ಊರಿನ ತೇರಿಗೆ ಗಾಲಿ, ಅಚ್ಚು, ಹಗ್ಗ ಎಂದು ವರ್ಷವರ್ಷವೂ ಎತ್ತಿಡುವ ಹಾಗೆ, ಎಂಜಿನ್ ಮತ್ತೆ ಓಡಲು ತೊಡಗಿದ ದಿನದಿಂದಲೇ ಮುಂದಿನ ಹತ್ತು ವರ್ಷದ ದುರಸ್ತಿಗೆ ಹಣ ಕೂಡಿಡಬೇಕಾಗುತ್ತದೆ. ನಾನು ಹೇಳುವ ಉಳಿದ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ‘ಬಿಚ್ಚಿ ನೋಡುವ ನಿಧಿ’ ಎಂದು ಪ್ರತ್ಯೇಕವಾಗಿ ಒಂದು ಚಿಕ್ಕ ಮೊತ್ತವನ್ನು ಕೂಡಿಸಿ. ಬಾಯ್ಲರ್ ಪರೀಕ್ಷಕರು ಬೆಂಕಿ ಉರಿಯುವ ಫೈರ್‌ಬಾಕ್ಸಿನೊಳಗೆ ತೂರಿಕೊಂಡು, ಒಳಗೋಡೆಯನ್ನೂ ಹೊರಗೋಡೆಯನ್ನೂ ಬಿಗಿದು ಹಿಡಿದಿರುವ ‘ಸ್ಟೇ’ ಎಂಬ ನೂರಾರು ಸರಳುಗಳನ್ನು ಚಿಕ್ಕ ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿ ನೋಡುತ್ತಾರೆ. ಸಂತೆಯಲ್ಲಿ ಮಡಕೆಯನ್ನು ತಟ್ಟಿ ಕೊಳ್ಳುವಂತೆ, ಗಟ್ಟಿಯಾದದ್ದು ಠಣ್ಣೆಂದು ಸದ್ದು ಕೊಡುತ್ತದೆ, ಒಳಗೆ ಮುರಿದದ್ದು ಬೊದ್ದೆಂದು ಸತ್ತ ಸದ್ದು ಮಾಡುತ್ತದೆ. ಮುರಿದವುಗಳ ಸುತ್ತ ಸೀಮೆಸುಣ್ಣದ ಗುರುತು ಬೀಳುತ್ತದೆ. ಆ ಗುರುತುಗಳನ್ನು ಎಣಿಸಿ, ತಗಡಿನ ದಪ್ಪದ ಅಳತೆಗಳನ್ನು ಬರೆದುಕೊಂಡು, ಪರೀಕ್ಷಕರ ವರದಿಯನ್ನು ಕೈಯಲ್ಲಿ ಹಿಡಿದ ಮೇಲೆಯೇ ದೊಡ್ಡ ಮನವಿಯನ್ನು ಹೊರಡಿಸಿ. ವರದಿ ಬರುವ ಮೊದಲೇ ಒಂದು ಸಂಖ್ಯೆಯನ್ನು ಪ್ರಕಟಿಸಿ, ಆಮೇಲೆ ಅದನ್ನು ಎರಡು ಪಟ್ಟು, ಮೂರು ಪಟ್ಟು ಏರಿಸಬೇಕಾಗಿ ಬಂದರೆ, ದಾನಿಗಳ ವಿಶ್ವಾಸವನ್ನು ಮತ್ತೆ ಗಳಿಸುವುದು ಬಹಳ ಕಷ್ಟ.

ಹಣದ ವಿಷಯದಲ್ಲಿ ನನಗೆ ಅತ್ಯಂತ ನಂಬಿಕೆಯಿರುವುದು ತಿಂಗಳ ವಂತಿಗೆಯಲ್ಲಿ. ಹೊಸದಾಗಿಯೇ ನಿರ್ಮಿಸಿದ ‘ಟೊರ್ನಾಡೊ’ ಎಂಬ ಎಂಜಿನ್ 2008ರಲ್ಲಿ ಹಳಿಗೆ ಇಳಿದದ್ದು, ವಾರಕ್ಕೊಂದು ಲೋಟ ಬಿಯರಿನ ಬೆಲೆಯನ್ನು ಕೊಡಿ ಎಂದು ಅದರ ಟ್ರಸ್ಟು ಜನರನ್ನು ಕೇಳಿಕೊಂಡದ್ದರಿಂದ. ಉದ್ಯಮಗಳ ನೆರವೂ ಸಾಲಪತ್ರಗಳೂ ಜೊತೆಗಿದ್ದವು ನಿಜ, ಆದರೆ ಸುಮಾರು 30 ಲಕ್ಷ ಪೌಂಡುಗಳ ಆ ಕೆಲಸವನ್ನು ವರ್ಷಗಟ್ಟಲೆ ನಿಲ್ಲದಂತೆ ನಡೆಸಿದ್ದು ಆ ಸಣ್ಣ ಕಂತುಗಳು. ನಮ್ಮಲ್ಲಿ ಚೀಟಿ ಕಟ್ಟುವವರಿಗೆ ಈ ಶಿಸ್ತನ್ನು ವಿವರಿಸಬೇಕಾಗಿಲ್ಲ. ಒಬ್ಬನೇ ಶ್ರೀಮಂತನನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೂ ಸ್ಕಾಟ್ಸ್‌ಮನ್ ಸಾಕ್ಷಿಯಾಗಿದೆ: 1963ರಲ್ಲಿ ಅದನ್ನು 3,000 ಪೌಂಡುಗಳಿಗೆ ಕೊಂಡು ಗುಜರಿಯಿಂದ ಉಳಿಸಿದ ಅಲನ್ ಪೆಗ್ಲರ್ ಅವರು ಅಮೆರಿಕದ ಪ್ರವಾಸದ ಖರ್ಚಿನಲ್ಲಿ 1972ರಲ್ಲಿ ದಿವಾಳಿಯಾದರು, ಎಂಜಿನ್ನು ಪರದೇಶದಲ್ಲಿ ಸಿಕ್ಕಿಕೊಂಡಿತು, ಮರುವರ್ಷ ವಿಲಿಯಂ ಮೆಕ್ಆಲ್ಪೈನ್ ಕೊಂಡು ತರಿಸದಿದ್ದರೆ ಅದರ ಗತಿ ಏನಾಗುತ್ತಿತ್ತೋ ಹೇಳಲಾಗದು.

ನಿಮ್ಮ ಸಂಘವು ಧರ್ಮಾರ್ಥ ಸಂಸ್ಥೆಯಾಗಿ ನೋಂದಣಿಯಾಗಿದ್ದರೆ, ತೆರಿಗೆ ಕಟ್ಟುವ ದಾನಿಯು ಕೊಡುವ ಪ್ರತಿ ಪೌಂಡಿಗೆ 25 ಪೆನ್ಸನ್ನು ‘ಗಿಫ್ಟ್ ಏಡ್’ ನಿಯಮದಡಿ ಸರ್ಕಾರದಿಂದ ಪಡೆಯಬಹುದು. ದಾನಿಯ ಸಹಿಯಿರುವ ಘೋಷಣೆಯನ್ನು ಮೊದಲ ಕಂತಿನ ಜೊತೆಯಲ್ಲೇ ತೆಗೆದುಕೊಳ್ಳಿ. ದೇವಸ್ಥಾನದ ಹಾಸುಗಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುವಂತೆ, ಒಂದೊಂದು ಕೊಳವೆಯನ್ನು ಒಬ್ಬೊಬ್ಬರ ಹೆಸರಿನಲ್ಲಿ ಹಾಕಿಸುವ ಪದ್ಧತಿ ಇಂಗ್ಲೆಂಡಿನಲ್ಲಿಯೂ ಇದೆ ಮತ್ತು ಚೆನ್ನಾಗಿ ನಡೆಯುತ್ತದೆ. ಲಾಟರಿ ಹಣದಿಂದ ನಡೆಯುವ ಪರಂಪರೆ ನಿಧಿಗೆ ಅರ್ಜಿ ಹಾಕುವುದಾದರೆ, ಎಂಜಿನ್ ಓಡಬೇಕೆಂಬ ನಿಮ್ಮ ಆಸೆಯೊಂದೇ ಅವರಿಗೆ ಸಾಲದು. ಎಷ್ಟು ಮಂದಿ ಎಳೆಯರು ಬಾಯ್ಲರ್ ಕೆಲಸ ಕಲಿಯುತ್ತಾರೆ, ಶಾಲೆಯ ಮಕ್ಕಳಿಗೆ ಏನು ಸಿಗುತ್ತದೆ ಎಂಬುದನ್ನು ತೋರಿಸಬೇಕು. ಸ್ವಯಂಸೇವಕರು ದುಡಿಯುವ ಗಂಟೆಗಳನ್ನೂ ನಿಮ್ಮ ಪಾಲಿನ ಕೊಡುಗೆಯಾಗಿ ಲೆಕ್ಕಕ್ಕೆ ತೋರಿಸಬಹುದಾದ್ದರಿಂದ, ಹಾಜರಿ ಪುಸ್ತಕವನ್ನು ಇಂದೇ ಆರಂಭಿಸಿ. ದುರಸ್ತಿಗೆಂದು ಬಂದ ಹಣವನ್ನು ಬೇರೆ ಖಾತೆಯಲ್ಲಿ ಇಡಿ, ಛಾವಣಿ ಸೋರಿದರೂ ಅದನ್ನು ಮುಟ್ಟಬೇಡಿ. ಕಾನೂನಿನ ಪ್ರಕಾರವೂ ಅದು ಆ ಉದ್ದೇಶಕ್ಕೇ ಸಲ್ಲತಕ್ಕದ್ದು.

ಕೆಲಸವನ್ನು ಎರಡಾಗಿ ಹಂಚಿಕೊಳ್ಳಿ. ತುಕ್ಕು ಕೆರೆಯುವುದು, ಬಣ್ಣ, ಬೇರಿಂಗುಗಳ ಹೊಂದಾಣಿಕೆ, ಬ್ರೇಕಿನ ಭಾಗಗಳು, ಇವನ್ನೆಲ್ಲ ಅನುಭವಿಗಳ ಕಣ್ಗಾವಲಿನಲ್ಲಿ ಸ್ವಯಂಸೇವಕರೇ ಮಾಡಬಹುದು. ಬಾಯ್ಲರಿನ ವೆಲ್ಡಿಂಗ್ ಮತ್ತು ಫೈರ್‌ಬಾಕ್ಸಿನ ಕೆಲಸವನ್ನು ಅರ್ಹತೆ ಪಡೆದ ಕಾರ್ಖಾನೆಗೇ ಒಪ್ಪಿಸಬೇಕು. ಅಂಥ ಕಾರ್ಖಾನೆಗಳು ಕಡಿಮೆ, ಸರತಿ ಉದ್ದ. ಹಣ ಪೂರ್ತಿಯಾಗುವವರೆಗೆ ಕಾಯದೆ ಸರತಿಯಲ್ಲಿ ಹೆಸರು ಬರೆಸಿ, ಹಂತ ಹಂತವಾಗಿ ಒಪ್ಪಂದ ಮಾಡಿಕೊಂಡು, ಒಂದು ಹಂತವನ್ನು ಪರೀಕ್ಷಕರು ಒಪ್ಪಿದ ಮೇಲೆಯೇ ಮುಂದಿನದಕ್ಕೆ ಹಣ ಬಿಡುಗಡೆ ಮಾಡಿ. ಲೋಹದ ಭಾಗಗಳನ್ನು ಎರಕ ಹೊಯ್ಯಲು ಬೇಕಾದ ಅಚ್ಚುಗಳಿಗಾಗಿ, ಅದೇ ವರ್ಗದ ಎಂಜಿನ್ ಇರುವ ಬೇರೆ ಸಂಘಗಳಿಗೆ ಕಾಗದ ಬರೆಯಿರಿ. ಬಹಳಷ್ಟು ಕಡೆ ಮರದ ಅಚ್ಚು ಮೂಲೆಯಲ್ಲಿ ಬಿದ್ದಿರುತ್ತದೆ, ಸೌಜನ್ಯದಿಂದ ಕೇಳಿದರೆ ಕೊಡುತ್ತಾರೆ.

ಇನ್ನು ಎಂಜಿನ್ ಓಡುವ ರೈಲುಮಾರ್ಗದೊಂದಿಗೆ ನೀವು ಮಾಡಿಕೊಳ್ಳುವ ಒಪ್ಪಂದ. ಉಗಿ ಎಬ್ಬಿಸಿದ ದಿನಕ್ಕೆ ಇಷ್ಟೆಂದು ಬರುವ ಬಾಡಿಗೆಯಲ್ಲಿ ಗೊತ್ತಾದ ಪಾಲು ನೇರವಾಗಿ ಮುಂದಿನ ದುರಸ್ತಿಯ ಖಾತೆಗೆ ಹೋಗಬೇಕೆಂದು ಅದರಲ್ಲಿಯೇ ಬರೆಸಿ. ಬಾಯಿಮಾತಿಗೆ ಬಿಟ್ಟರೆ ಆ ಹಣ ಕಲ್ಲಿದ್ದಲಿಗೆ ಕರಗಿಹೋಗುತ್ತದೆ.

ಪ್ರಶ್ನೆ: ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಹಳೆಯ ಎಂಜಿನ್ನುಗಳನ್ನೂ ಸಾರ್ವಜನಿಕರ ದೇಣಿಗೆಯಿಂದ ಹೀಗೆ ಓಡಿಸಬಹುದೇ? — ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಆಸೆ ನನ್ನದೂ ಹೌದು. ಆದರೆ ನಮ್ಮಲ್ಲಿ ಇಂಥ ಎಂಜಿನ್ನುಗಳು ರೈಲ್ವೆ ಇಲಾಖೆಯ ಆಸ್ತಿ, ಅವುಗಳ ದುರಸ್ತಿಯೂ ಇಲಾಖೆಯದೇ. ನೀಲಗಿರಿಯ ಹಲ್ಲುಹಳಿಯ ಎಂಜಿನ್ನುಗಳು ಇಂದಿಗೂ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಪುನರ್ಜನ್ಮ ಪಡೆಯುತ್ತವೆ. ಕೆಲವನ್ನು ಅಲ್ಲಿಯೇ ಹೊಸದಾಗಿ ಕಟ್ಟಿದ್ದಾರೆ. ಕೈಚಳಕ ನಮ್ಮ ಪಕ್ಕದಲ್ಲೇ ಉಳಿದಿದೆ ಎನ್ನುವುದು ದೊಡ್ಡ ಸಮಾಧಾನ. ಮೈಸೂರಿನ ಮುಖ್ಯ ತೊಡಕು ಹಳಿಯದು: ಸುತ್ತಲಿನ ಮೀಟರ್‌ಗೇಜ್ ಮಾರ್ಗಗಳೆಲ್ಲ ಬ್ರಾಡ್‌ಗೇಜ್ ಆಗಿರುವುದರಿಂದ, ಮೀಟರ್‌ಗೇಜಿನ ಎಂಜಿನ್ ಸಿದ್ಧವಾದರೂ ಅದು ಓಡುವುದೆಲ್ಲಿ? ಅದಕ್ಕೊಂದು ಹಳಿ ಸಿಗುವವರೆಗೆ ಮಾಡಬಹುದಾದ ಕೆಲಸ ಅಗ್ಗದ್ದು: ಮಳೆಗಾಲಕ್ಕೆ ಮೊದಲು ಹೊಗೆಕೊಳವೆಯ ಬಾಯಿಗೆ ತಗಡಿನ ಮುಚ್ಚಳ ಹಾಕಿಸುವುದು, ಬಾಯ್ಲರಿನ ತಳದಲ್ಲಿ ನೀರು ನಿಲ್ಲದಂತೆ ನೋಡುವುದು, ಸಾಧ್ಯವಾದರೆ ಮೇಲೊಂದು ಸೂರು. ಈ ಮೂರಕ್ಕೆ ನಿಮ್ಮೂರಿನ ಆಸಕ್ತರು ಕೈಜೋಡಿಸುವುದಾಗಿ ಇಲಾಖೆಗೆ ಬರೆಯಿರಿ.